ಮೀಸಲು ಜಾಗ

ಬಸ್ಸು ನಿಲ್ಲುವ ಕಡೆ ಗಂಡಸರು ಗುಂಪಾಗಿ, ಮಾತಿಲ್ಲದೆ ನಿಂತಿದ್ದರೆ ನನಗೆ ಈಗಲೂ ಬಾಯಿ ಒಣಗುತ್ತದೆ. ಅವರು ಬಸ್ಸಿಗೇ ಕಾಯುತ್ತಿರಬಹುದು. ಅದು ಗೊತ್ತಿದ್ದರೂ ಯಾರ ಕೈಯಲ್ಲಿ ಏನಿದೆ ಎಂದು ನೋಡದೆ ನಾನು ಕೆಳಗಿಳಿಯುವುದಿಲ್ಲ. ಒಂದು ಶ್ರಾವಣ ಸೋಮವಾರದಿಂದ ಅಂಟಿಕೊಂಡ ಅಭ್ಯಾಸ ಇದು. ಅದಕ್ಕೆಲ್ಲ ಮೂಲ ಒಂದು ಶಬ್ದ.

ನಮ್ಮೂರು ತಿಕೋಟಾದಿಂದ ಆಚೆ, ಎರೆ ಹೊಲಗಳ ನಡುವೆ ಇರುವ ಚಿಕ್ಕ ಹಳ್ಳಿ. ಊರ ಗುಡಿಯ ಪೂಜೆ ನಮ್ಮ ಮನೆಯದು. ಅಪ್ಪನನ್ನು ಊರೆಲ್ಲ ಅಯ್ಯಾರ ಎಂದೇ ಕರೆಯುತ್ತಿತ್ತು. ಅಣ್ಣ ವಿಜಾಪುರದಲ್ಲಿ ಓದಿ, ಬಿ.ಎ. ಎರಡನೇ ದರ್ಜೆಯಲ್ಲಿ ಪಾಸಾಗಿ, ಕೆಲಸವಿಲ್ಲದೆ ಮನೆಯಲ್ಲಿದ್ದ. ಊರಿಗೆ ಅವನೇ ಮೊದಲ ಪದವೀಧರ. ಅವನ ಹಿಂದೆ ನಾನೂ ಅದೇ ಕಾಲೇಜು ಸೇರಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕೊನೆಯ ವರ್ಷ ಓದುತ್ತಿದ್ದೆ.

ಕನ್ನಡ ನಾಡು ಒಂದಾಗಿ ಇನ್ನೂ ಬಹಳ ವರ್ಷವಾಗಿರಲಿಲ್ಲ. ಅದಕ್ಕೆ ಮೊದಲು ನಮ್ಮ ಕಚೇರಿಗಳಲ್ಲಿ ಮರಾಠಿ ಇಲ್ಲವೆ ಇಂಗ್ಲಿಷು ನಡೆಯುತ್ತಿತ್ತು. ಈಗ ಮೈಸೂರು ಸೀಮೆಯ ಸಾಹೇಬರು ಬರತೊಡಗಿದ್ದರು. ಅವರದೂ ಕನ್ನಡವೇ, ಆದರೆ ನಮ್ಮ ಮಂದಿಗೆ ಅದರಲ್ಲಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಅವರೇ ತುಂಬಿಕೊಳ್ಳುತ್ತಿದ್ದರು. ಆ ಬೇಸಿಗೆ ಅಂಥ ಒಬ್ಬ ಸಾಹೇಬರು ಜೀಪಿನಲ್ಲಿ ಬಂದು ಶಾಲೆ ನೋಡಿದರು. ಗುಡಿಯ ಕಟ್ಟೆಯ ಮೇಲೆ ಹಿರಿಯರ ಜೊತೆ ಕೂತು ಚಹಾ ಕುಡಿದರು. ನಿಮ್ಮ ಶಾಲೆಗೆ ಇನ್ನೊಬ್ಬ ಮೇಷ್ಟರ ಜಾಗ ಮಂಜೂರಾಗಿದೆ, ಆದರೆ ಆ ಜಾಗ ಮೀಸಲು ಎಂದು ಹೇಳಿ ಹೋದರು.

ನಮ್ಮ ಕಡೆ ಮೀಸಲು ಎಂದರೆ ದೇವರಿಗೆ ತೆಗೆದಿಟ್ಟದ್ದು. ಆ ಊರಲ್ಲಿ ಆ ಶಬ್ದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಒದ್ದೆ ಬಟ್ಟೆಯುಟ್ಟು, ಯಾರೊಡನೆಯೂ ಮಾತಾಡದೆ, ಯಾರನ್ನೂ ಮುಟ್ಟದೆ ಬಾವಿಯಿಂದ ತರುವ ನೀರು ಮೀಸಲು ನೀರು. ದೇವರಿಗೆ ತೋರಿಸುವ ತನಕ ಮನೆಯವರು ರುಚಿ ನೋಡದ ಅಡುಗೆ ಮೀಸಲು ಅಡುಗೆ. ಸರಕಾರಕ್ಕೂ ದೇವರ ಭಯ ಬಂತಲ್ಲ ಎಂದು ಗೌಡರು ಹಿಗ್ಗಿದರಂತೆ. ದೇವರ ಹೆಸರಿನ ಜಾಗ ದೇವರ ಪೂಜೆ ಮಾಡುವ ಮನೆಗೇ ಸಲ್ಲಬೇಕು, ಆ ಮನೆಯಲ್ಲಿ ಬಿ.ಎ. ಆದ ಮಗನೂ ಇದ್ದಾನೆ, ಇದಕ್ಕಿಂತ ಸರಿಯಾದದ್ದು ಇನ್ನೇನು ಎಂದು ಎಲ್ಲರೂ ಒಪ್ಪಿದರು. ದೇವರ ಮುಂದೆ ಎಲೆ ಅಡಿಕೆ ಇಟ್ಟು ಅಣ್ಣನ ಹೆಸರಿಗೆ ಮಾತು ಕೊಟ್ಟರು. ಅವರಲ್ಲಿ ತಿಳಿದೂ ತಿಳಿಯದವರ ಹಾಗೆ ಇದ್ದವರು ಯಾರಾದರೂ ಇದ್ದರೋ ಏನೋ, ನಾನು ಹೇಳಲಾರೆ. ಅಪ್ಪನಿಗೆ ಮಾತ್ರ ನಿಜವಾಗಿಯೂ ತಿಳಿದಿರಲಿಲ್ಲ.

ಜೂನಿನಲ್ಲಿ ಅಣ್ಣ ಶಾಲೆಗೆ ಹೋಗಲು ಶುರುಮಾಡಿಯೇ ಬಿಟ್ಟ. ಕೈಯಲ್ಲಿ ಆದೇಶವಿಲ್ಲ, ಪಗಾರವಿಲ್ಲ. ಎಲ್ಲ ತರಗತಿಗಳನ್ನೂ ಒಬ್ಬರೇ ಎಳೆಯುತ್ತಿದ್ದ ಹೆಡ್‌ಮಾಸ್ತರರು ಬೇಡ ಎನ್ನಲಿಲ್ಲ. ಅಣ್ಣ ಚೆನ್ನಾಗಿ ಕಲಿಸುತ್ತಿದ್ದ. ಓಣಿಯಲ್ಲಿ ಹೋಗುವಾಗ ಮಕ್ಕಳು ನಿಂತು ನಮಸ್ಕಾರ ಮಾಡುವುದು ಅವನಿಗೆ ಎಷ್ಟು ಹಿಡಿಸಿತ್ತೆಂದರೆ, ಕೆಲಸವಿಲ್ಲದಿದ್ದರೂ ಸಂಜೆ ಎರಡು ಸಲ ಊರ ಹೆಬ್ಬಾಗಿಲಾದ ಅಗಸಿಯವರೆಗೆ ಹೋಗಿ ಬರುತ್ತಿದ್ದ ಎಂದು ಅವ್ವ ನಗುತ್ತಿದ್ದಳು.

ಶ್ರಾವಣ ಹಿಡಿಯುವ ಹೊತ್ತಿಗೆ ಸುದ್ದಿ ಬಂತು. ಆ ಜಾಗಕ್ಕೆ ಬಬಲೇಶ್ವರದ ಕಡೆಯ ಒಬ್ಬನನ್ನು ನೇಮಿಸಿದ್ದಾರೆ, ಹೊಲಗೇರಿಯವನು. ಅಣ್ಣ ವಿಜಾಪುರಕ್ಕೆ ಓಡಿ ಬಂದ. ಕಚೇರಿಯಲ್ಲಿ ವಿಚಾರಿಸಿಕೊಂಡು ಅತ್ತೆಯ ಮನೆಯ ಪಡಸಾಲೆಯಲ್ಲಿ ಕೂತ, ನೀರೂ ಕುಡಿಯಲಿಲ್ಲ. ಅವನದು ಥರ್ಡ್ ಕ್ಲಾಸ್, ನನ್ನದು ಸೆಕೆಂಡ್, ಇದು ಯಾವ ನ್ಯಾಯ ಎಂದು ಅದನ್ನೇ ಕೇಳಿದ. ಮೀಸಲು ಎಂದರೆ ಸರಕಾರದ ಮಾತಿನಲ್ಲಿ ಏನೆಂದು ನಾನು ಹೇಳಹೊರಟೆ. ನನಗ ಗೊತ್ತಾತು, ಊರಿಗೆ ಯಾರ ಹೇಳಾವ್ರು ಎಂದ. ಊರಿಗೆ ಯಾರೂ ಹೇಳಲಿಲ್ಲ. ಊರ ಕಣ್ಣಿಗೆ ಅದು ದೇವರ ಜಾಗ. ಅದನ್ನು ಮುಟ್ಟಬಾರದವನು ಮುಟ್ಟಲು ಬರುತ್ತಿದ್ದಾನೆ.

ಆ ಸೋಮವಾರ ನಾನು ಹಬ್ಬಕ್ಕೆಂದು ಬೆಳಗಿನ ಬಸ್ಸಿಗೆ ಹೊರಟೆ. ಪಕ್ಕದಲ್ಲಿ ಕೂತವನು ನನಗಿಂತ ಮೂರು ನಾಲ್ಕು ವರ್ಷ ದೊಡ್ಡವನಿರಬಹುದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪ್ಯಾಂಟು, ತೊಡೆಯ ಮೇಲೆ ಬಟ್ಟೆಯ ಚೀಲ. ನನ್ನ ಕೈಯಲ್ಲಿದ್ದ ಇತಿಹಾಸದ ಪುಸ್ತಕ ನೋಡಿ, ಇದರಾಗಿನ ಅರ್ಧಾ ಪರೀಕ್ಷಾಕ್ಕ ಬರೂದಿಲ್ಲ ಬಿಡ್ರಿ ಎಂದ. ತಾನು ಬಾಗಲಕೋಟೆಯಲ್ಲಿ ಓದಿದವನೆಂದೂ ಕಟ್ಟಕಡೆಯ ಪೇಪರಿಗೆ ಬಸ್ಸು ತಪ್ಪಿ ನಡೆದೇ ಹೋದವನೆಂದೂ ಹೇಳಿ ನಗಿಸಿದ. ಎಲ್ಲಿಗೆ ಹೊರಟಿದ್ದಾನೆಂದು ನಾನು ಕೇಳಲಿಲ್ಲ.

ತಿಕೋಟಾದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಸಂತೆಯಿಂದ ಸಂತೆಗೆ ಬಟ್ಟೆ ಮಾರಲು ಹೋಗುವ ನಮ್ಮೂರವನೊಬ್ಬ ನನ್ನನ್ನು ಕಂಡು ಕಿಟಕಿಯ ಹತ್ತಿರ ಬಂದ. “ಏನ ಅಯ್ಯಾ, ಇದs ಬಸ್ಸಿಗೆ ಹೊಂಟಿಯೇನ? ಹೊಸಾ ಮಾಸ್ತರ ಇದರಾಗs ಬರ್ತಾನಂತ. ಬೇವಿನ ಗಿಡದ ಬುಡಕ ಮಂದಿ ನಿಂತೈತಿ. ನಿಮ್ಮಣ್ಣನೂ ಅದಾನ. ಬಡಿಗಿ ಹಿಡಕೊಂಡಾರ.” ಆಟದ ಸುದ್ದಿ ಹೇಳುವ ಹಾಗೆ ಹೇಳಿ ಬೀಡಿ ಹಚ್ಚಿಕೊಂಡ.

ಪಕ್ಕದವನು ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಿದ್ದ. ಆ ಬೆರಳು ನಿಂತಿತು. ಅವನ ಮುಖ ನೋಡುವ ಮೊದಲೇ ನನಗೆ ಗೊತ್ತಾಯಿತು.

ಇಲ್ಲೇ ಇಳಿದುಬಿಡಿ ಎಂದು ಪಿಸುಗುಟ್ಟಿದೆ. ಅವನು ಹೊರಗೆ ನೋಡುತ್ತಲೇ, ಇವತ್ತು ಕೆಲಸಕ್ಕೆ ಹಾಜರಾಗಲು ಕಡೆಯ ದಿನ ಎಂದ. ಶಾಲೆ ಬಿಡುವುದರೊಳಗೆ ಸಹಿ ಆಗದಿದ್ದರೆ ಆದೇಶ ರದ್ದು. ಹೋದ ವಾರ ಹುಷಾರಿಲ್ಲದ ತಾಯಿಯನ್ನು ಬಿಟ್ಟು ಬರಲಾಗಲಿಲ್ಲವಂತೆ. ಸಂಜೆಯ ತನಕ ಟೈಮ್ ಇದೆಯಲ್ಲ, ನೋಡೋಣ ಎಂದ. ಕಂಡಕ್ಟರ್ ಗಂಟೆ ಹೊಡೆದ. ಇಳಿಯುವುದಕ್ಕಾಗಲಿ ಯೋಚಿಸುವುದಕ್ಕಾಗಲಿ ಹೊತ್ತಿರಲಿಲ್ಲ.

ನಮ್ಮೂರಲ್ಲಿ ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ಇಪ್ಪತ್ತು ಮಂದಿಯಾದರೂ ಇದ್ದರು. ಎಲ್ಲರೂ ನನ್ನನ್ನು ಎತ್ತಿ ಆಡಿಸಿದವರು. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡಿದ್ದರು, ಕೆಲವರ ಧೋತರದಿಂದ ನೀರು ಇನ್ನೂ ಇಳಿಯುತ್ತಿತ್ತು. ಮಧ್ಯಾಹ್ನ ಗುಡಿಗೆ ಮೀಸಲು ನೀರು ತರುವವರು ಅವರು. ನಾನು ಅವನ ತೋಳು ಹಿಡಿದುಕೊಂಡೇ ಇಳಿದೆ. ಅಣ್ಣ ಮುಂದೆ ಬಂದ.

“ಯಾರಪಾ ಇವ್ರು?”

“ನನ್ನ ಗೆಳೆಯ. ಕಾಲೇಜಿನವ್ರು.”

ಅಣ್ಣ ಬಡಿಗೆಯನ್ನು ಕಂಕುಳಿಗೆ ಸಿಕ್ಕಿಸಿ ಅವನಿಗೆ ಕೈ ಮುಗಿದ. ಅವನೂ ಮುಗಿದ. ಮನಿಗೆ ಕರ್ಕೊಂಡ ನಡಿ, ಅವ್ವಗ ಬೆಲ್ಲಾ ನೀರಾ ಕೊಡಾಕ ಹೇಳು, ನಾನೂ ಬಂದೆ ಎಂದ. ಅಷ್ಟರಲ್ಲಿ ಇಬ್ಬರು ಬಸ್ಸಿನೊಳಗೆ ಹಣಿಕಿ ನೋಡಿ, ಬಂದಿಲ್ಲಲೇ, ಹೆದರ್ಯಾನ ಮಗಾ ಎಂದರು. ಗುಂಪು ನಕ್ಕಿತು. ಅವನು ಅವರ ಕಣ್ಣೆದುರಿಗೇ ನಿಂತಿದ್ದ. ಅವರು ಹುಡುಕುತ್ತಿದ್ದುದು ಬಗ್ಗಿದ ಬೆನ್ನಿನವನನ್ನು.

ಓಣಿಯಲ್ಲಿ ನಡೆಯುತ್ತ ಅವನು ಒಂದೇ ಮಾತಾಡಿದ. “ಗೆಳೆಯ ಅಂದ್ರಿ. ನನ್ನ ಹೆಸರ ಕೇಳಿಲ್ಲ ಇನ್ನಾ.” ಅದರಲ್ಲಿ ಸಿಟ್ಟಿರಲಿಲ್ಲ. ಮನೆಯೊಳಗೆ ಹೋದರೆ ಉಳಿದೆವು ಎಂದುಕೊಂಡಿದ್ದೆ. ನಮ್ಮ ಮನೆಗೆ ಬಾಗಿಲು ಒಂದೇ ಎಂಬುದು ಆಗ ಮನಸ್ಸಿಗೆ ಬರಲಿಲ್ಲ.

ಪಡಸಾಲೆಯಲ್ಲಿ ಅಪ್ಪ ಬಿಲ್ವಪತ್ರೆ ಆರಿಸುತ್ತ ಕೂತಿದ್ದ. ಅವ್ವ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟು, ಬಂದವರನ್ನೆಲ್ಲ ಕೇಳುವ ಹಾಗೆಯೇ ಕೇಳಿದಳು. “ಯಾವೂರ ಆತಪಾ ತಮ್ಮಾ? ಯಾರ ಪೈಕಿ?”

ನಾನು ಬಾಯಿ ತೆರೆದೆ. ಅವನು ನನ್ನ ಕಡೆ ನೋಡಲಿಲ್ಲ. ತಂಬಿಗೆಯನ್ನು ಮುಟ್ಟದೆ ಎದ್ದು ನಿಂತ.

“ಯವ್ವಾ, ನೀರ ಕುಡದ ಮ್ಯಾಲ ಹೇಳಿದ್ರ ನಿಮಗ ಮೋಸ ಮಾಡಿದಂಗ ಆಕ್ಕೈತಿ. ನಾ ನಿಮ್ಮೂರ ಸಾಲಿಗೆ ಬಂದ ಮಾಸ್ತರ.”

ಅವ್ವ ಕೂಗಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಒಳಬಾಗಿಲಿಗೆ ಸರಿದಳು. ಅಪ್ಪನ ಕೈಯ ಎಲೆ ಕೈಯಲ್ಲೇ ಉಳಿಯಿತು. ಅದೇ ಹೊತ್ತಿಗೆ ಅಣ್ಣ ಹೊಸ್ತಿಲಲ್ಲಿ ಇದ್ದ. ಗೆಳೆಯನನ್ನು ಮಾತಾಡಿಸಲೆಂದು ಬಡಿಗೆಯನ್ನು ಹೊರಗಿಟ್ಟು ಬಂದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಅವನು ಮೊದಲು ನನ್ನನ್ನು ನೋಡಿದ. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಹೊಸ ಮಾಸ್ತರನ ಕಡೆ ತಿರುಗಿ ಕೇಳಿದ್ದು ಜಾತಿಯನ್ನಲ್ಲ, ಮಾರ್ಕುಗಳನ್ನು. ನಿನಗೆಷ್ಟು, ನನಗೆಷ್ಟು, ಯಾವ ಬಾಯಿಂದ ಈ ಜಾಗ ನಿನ್ನದೆನ್ನುತ್ತೀ ಎಂದ. ನಾನು ಮಾಡಿದ ತಪ್ಪೇನು ಎಂದು ಎರಡು ಸಲ ಕೇಳಿದ.

ಮಾಸ್ತರ ಗೋಡೆಗೆ ಒರಗದೆ ನಿಂತೇ ಹೇಳಿದ. ಬಬಲೇಶ್ವರದ ಆಚೆ ತನ್ನ ಹಳ್ಳಿಯಲ್ಲಿ ಒಂದನೆಯ ಇಯತ್ತೆಯಿಂದ ಅವನನ್ನು ಬಾಗಿಲ ಹೊರಗೆ ಕೂಡಿಸಿದ್ದರು. ಉಳಿದವರ ಪಾಟಿಯನ್ನು, ಸ್ಲೇಟನ್ನು, ಮಾಸ್ತರರು ಕೈಯಲ್ಲಿ ಹಿಡಿದು ತಿದ್ದುತ್ತಿದ್ದರು. ಇವನ ಪಾಟಿಯನ್ನು ಮುಟ್ಟುವ ಹಾಗಿಲ್ಲ. ದೂರದಿಂದ ನೋಡಿ ಹೂಂ ಎನ್ನುತ್ತಿದ್ದರು, ಸರಿಯಿದ್ದರೂ ಹೂಂ, ತಪ್ಪಿದ್ದರೂ ಹೂಂ. “ನಾಕನೇ ಇಯತ್ತಾ ಬರೂತನಕಾ ನನ್ನ ಲೆಕ್ಕಾ ಸರಿ ಅದಾವೋ ತಪ್ಪ ಅದಾವೋ ನನಗ ಗೊತ್ತಿರಲಿಲ್ರಿ. ಕೂಡಿಸೂದು ತಪ್ಪ ಕಲ್ತಿದ್ದೆ. ಅದನ್ನ ಮರ್ಯಾಕs ಎರಡ ವರ್ಷ ಹೋತು.”

“ಅದಕ್ಕ ನಾ ಏನ ಮಾಡ್ಲಿ?” ಎಂದ ಅಣ್ಣ. “ನಿನ್ನ ಪಾಟಿ ಮುಟ್ಟಲಾರದ ಬಿಟ್ಟಾವ ನಾನೇನ?”

“ಅಲ್ರಿ. ನೀವಲ್ಲ. ನಿಮ್ಮ ಪಾಟಿ ಮುಟ್ಟಿದ್ರು, ಅಷ್ಟs.”

ಅಣ್ಣನ ಪ್ರಶ್ನೆಯೂ ಆ ಉತ್ತರವೂ ಇಷ್ಟು ವರ್ಷ ನನ್ನೊಳಗೆ ಎದುರುಬದುರು ಕೂತಿವೆ. ಆ ಕಾಲದಲ್ಲಿ ಕಾಲೇಜಿನ ಕಟ್ಟೆಯ ಮೇಲೂ ಇದೇ ವಾದ. ಸೀಟು ಸಿಗದವರು, ಕೆಲಸ ತಪ್ಪಿದವರು, ಯಾರದೋ ಸಾಲವನ್ನು ನಮ್ಮಿಂದೇಕೆ ವಸೂಲು ಮಾಡುತ್ತೀರಿ ಎನ್ನುತ್ತಿದ್ದರು. ನಾನೂ ಅಂದಿದ್ದೇನೆ. ಅಣ್ಣನಿಗಾದ ನಷ್ಟ ಸುಳ್ಳಲ್ಲ. ಆದರೆ ನನ್ನ ಪಾಟಿಯನ್ನು ಒಂದು ಬೆಚ್ಚನೆಯ ಕೈ ಹಿಡಿದು ತಿದ್ದಿತ್ತು ಎಂಬುದನ್ನು ನಾನು ಅದುವರೆಗೆ ಒಂದು ಸೌಲಭ್ಯ ಎಂದು ಎಣಿಸಿಯೇ ಇರಲಿಲ್ಲ. ಅದು ಗಾಳಿಯ ಹಾಗೆ ಇತ್ತು.

ಅಪ್ಪ ಮೊದಲ ಸಲ ಬಾಯಿಬಿಟ್ಟ. “ಮೀಸಲ ಅಂದ್ರ ದೇವರದಲ್ಲೇನಪಾ?”

“ಅಲ್ರಿ ಅಯ್ಯಾರ. ನಮ್ಮಂಥಾವ್ರಿಗಂತ ತಗದಿಟ್ಟದ್ದು. ನಮಗ ಏನರೆ ತಗದಿಡೂದು ಮೊದಲ ಯಾರಿಗೂ ರೂಢಿ ಇರಲಿಲ್ಲ ನೋಡ್ರಿ. ಅದಕ್ಕ ಶಬ್ದಾನೂ ದೇವರ ಮನಿಯಿಂದನs ತಂದಾರ.”

ಅಣ್ಣ ಹೊರಗೆ ಹೋದ. ಅವನು ಓಡಲಿಲ್ಲ, ನಡೆದೇ ಹೋದ. ಆದರೆ ಎಲ್ಲಿಗೆ ಹೋದ ಎಂಬುದರಲ್ಲಿ ನಮಗಾರಿಗೂ ಅನುಮಾನವಿರಲಿಲ್ಲ. ಇಲ್ಲೇ ಇರಿ, ಮಂದಿ ಊಟಕ್ಕೆ ಚದುರಿದ ಮೇಲೆ ಸಂಜೆ ಶಾಲೆಗೆ ಹೋದರಾಯಿತು ಎಂದು ನಾನು ಮಾಸ್ತರನಿಗೆ ಹೇಳಿದೆ. ಅವನು ಒಪ್ಪಿ ತಲೆಯಾಡಿಸಿದ. ಅಪ್ಪ ಎಲೆಗಳನ್ನು ಬುಟ್ಟಿಗೆ ಹಾಕುತ್ತ, ನಮ್ಮಿಬ್ಬರನ್ನೂ ನೋಡದೆ, “ಇವತ್ತ ಶ್ರಾವಣ ಸೋಮಾರ. ಸಾಲಿ ಮಧ್ಯಾಹ್ನಕ್ಕ ಬಿಡ್ತಾರ” ಎಂದ.

ಶ್ರಾವಣದ ಸೋಮವಾರಗಳಲ್ಲಿ ನಮ್ಮ ಕಡೆಯ ಶಾಲೆಗಳಿಗೆ ಅರ್ಧ ದಿನ. ನಾನು ಅದೇ ಶಾಲೆಯಲ್ಲಿ ಓದಿದವನು. ಅವನೂ ಇಂಥದೇ ಶಾಲೆಯ ಹೊರಗೆ ಕೂತವನು. ಹೆದರಿಕೆಯಲ್ಲಿ ಇಬ್ಬರಿಗೂ ಅದು ಮರೆತಿತ್ತು. ಬೇವಿನ ಗಿಡದ ಕೆಳಗಿದ್ದವರಿಗೆ ಮರೆತಿರಲಿಲ್ಲ. ಅವರು ಅವನನ್ನು ಹೊಡೆಯಲೇಬೇಕಾಗಿರಲಿಲ್ಲ, ಗಂಟೆ ಬಾರಿಸುವ ತನಕ ತಡೆದರೆ ಸಾಕಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಸ್ವಲ್ಪವೇ ಉಳಿದಿತ್ತು. ಅಪ್ಪ ಯಾರ ಪರವಾಗಿ ಆ ಮಾತು ಹೇಳಿದ ಎಂದು ಆಮೇಲೆ ಕೇಳಬೇಕೆಂದುಕೊಂಡೆ. ಅಪ್ಪ ಇರುವ ತನಕ ಕೇಳಲಾಗಲಿಲ್ಲ.

ಅವನು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟ. ನಾನು ಅವನ ಜೊತೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ, ಆ ಪಡಸಾಲೆಯಲ್ಲಿ ಕೂತು ಹೊರಗಿನ ಸದ್ದಿಗೆ ಕಿವಿಗೊಡುವುದು ಅದಕ್ಕಿಂತ ಕಷ್ಟವಾಗಿತ್ತು.

ಅಗಸಿಯ ಹತ್ತಿರ ಅವರು ದಾರಿಗಡ್ಡವಾಗಿ ನಿಂತಿದ್ದರು. ಆಚೆ ಶಾಲೆಯ ಹಂಚು ಕಾಣುತ್ತಿತ್ತು. ಅವನು ವೇಗ ಹೆಚ್ಚಿಸಲೂ ಇಲ್ಲ, ಕಡಿಮೆ ಮಾಡಲೂ ಇಲ್ಲ. ಎದುರಿಗಿದ್ದವರಿಗೂ ಅವನಿಗೂ ಎರಡು ಮಾರು ಉಳಿಯಿತು. ಒಂದು ಮಾರು ಉಳಿದಾಗ ಮುಂದಿದ್ದವನು ಒಂದು ಹೆಜ್ಜೆ ಹಿಂದೆ ಸರಿದ. ಪಕ್ಕದವನೂ ಸರಿದ. ಮೈ ತಾಗಿದರೆ ಮಡಿ ಹೋಗುತ್ತದೆ, ಮತ್ತೆ ಸ್ನಾನ, ಗುಡಿಗೆ ನೀರು ತಡ. ತಡೆಯಲು ಬಂದವರಿಗೆ ತಡೆಯಬೇಕೆಂದರೆ ಮುಟ್ಟಬೇಕು ಎಂಬುದು ಆಗ ಹೊಳೆದಿರಬೇಕು. ದಾರಿ ನಿಧಾನ ಬಿಚ್ಚಿಕೊಂಡಿತು.

“ಸರೀರಿಲೇ, ಮೀಸಲ ಮಾಸ್ತರ ಬಂದಾನ,” ಎಂದು ಯಾರೋ ಹೇಳಿದರು. ಕೆಲವರು ನಕ್ಕರು. ಆ ನಗೆ ಬೇವಿನ ಗಿಡದ ಕೆಳಗಿನ ನಗೆಯಾಗಿರಲಿಲ್ಲ.

ಬಡಿಗೆಗೂ ಮಡಿ ಇಲ್ಲ, ಕಲ್ಲಿಗೂ ಇಲ್ಲ. ಎರಡೂ ಕಡೆಯ ಸಾಲಿನ ನಡುವೆ ಹೋಗುವಾಗ ನಾನು ಕೈಗಳನ್ನೇ ನೋಡುತ್ತಿದ್ದೆ. ಅಗಸಿಯ ಕಂಬದ ಹತ್ತಿರ ಅಣ್ಣ ನಿಂತಿದ್ದ. ಅವನ ಬಲಗೈಯಲ್ಲಿ ಒಂದು ಕಲ್ಲಿತ್ತು, ಮುಷ್ಟಿ ತುಂಬುವಷ್ಟು. ನಾನು ಅವನ ಕಣ್ಣು ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ನಾವು ಅವನನ್ನು ದಾಟಿದೆವು. ಈಗ ಎಲ್ಲರೂ ನಮ್ಮ ಬೆನ್ನ ಹಿಂದಿದ್ದರು.

ಕಲ್ಲು ಬಿದ್ದ ಸದ್ದು ನನಗೆ ಮೊದಲು ಕೇಳಿತು, ಆಮೇಲೆ ಅವನು ಮುಗ್ಗರಿಸಿದ್ದು ಕಂಡಿತು. ಎಡ ಹೆಗಲಿನ ಹಿಂದೆ ಬಿದ್ದಿತ್ತು. ಬಿಳಿ ಅಂಗಿಯಲ್ಲಿ ಕೆಂಪು ಮೆಲ್ಲಗೆ ಹರಡಿತು. ಅವನು ಹಿಂದಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ. ಇನ್ನೊಂದು ಬರುತ್ತದೆ, ಈಗ ಬರುತ್ತದೆ ಎಂದುಕೊಂಡು ಶಾಲೆಯ ಮೆಟ್ಟಿಲಿನ ತನಕ ನಡೆದೆವು. ಬರಲಿಲ್ಲ. ಈಗಲೂ ರಾತ್ರಿ ಕನಸಿನಲ್ಲಿ ನಾನು ನಡೆಯುವುದು ಅಷ್ಟೇ ದಾರಿ.

ಹೆಡ್‌ಮಾಸ್ತರರು ಬಾಗಿಲಲ್ಲೇ ಇದ್ದರು. ಗಂಟೆಗೆಂದು ತೂಗುಹಾಕಿದ ಕಂಬಿಯ ತುಂಡನ್ನು ಬಡಿಯಲು ಜವಾನ ಸುತ್ತಿಗೆ ಎತ್ತಿಕೊಂಡಿದ್ದ. ಅವರು ಅಂಗಿಯನ್ನು ನೋಡಿದರು, ಹೊರಗೆ ಸೇರಿದ ಮಂದಿಯನ್ನು ನೋಡಿದರು, ಗಡಿಯಾರ ನೋಡಿದರು. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

“ಗಂಟಿ ಇನ್ನಾ ಬಾರಿಸಿಲ್ರಿ ಸರ್,” ಎಂದ ಅವನು.

ಹೆಡ್‌ಮಾಸ್ತರರು ಜವಾನನಿಗೆ ನಿಲ್ಲು ಎಂದು ಕೈ ಮಾಡಿ, ಹಾಜರಿ ಪುಸ್ತಕವನ್ನು ಅವನ ಮುಂದೆ ತಿರುಗಿಸಿದರು. ಅವನು ಬಲಗೈಯಿಂದ ಎಡ ಮೊಣಕೈ ಹಿಡಿದುಕೊಂಡು ಒಂದು ಕ್ಷಣ ನಿಂತ. ಆಮೇಲೆ ಸಹಿ ಮಾಡಿದ. ಗಂಟೆಯಾಯಿತು.

ಮಕ್ಕಳು ಹೊರಗೆ ನುಗ್ಗಿದರು. ಅಗಸಿಯ ಹತ್ತಿರ ಇನ್ನೂ ನಿಂತಿದ್ದವರ ನಡುವೆಯೇ ಓಡಿದರು. ಅವರವರ ಮಕ್ಕಳು ಅವರವರ ಕಾಲಿಗೆ ಅಡ್ಡ ಬಂದಾಗ ಗುಂಪು ಒಡೆಯಿತು. ದಿನದ ರೂಢಿಯಂತೆ ಮಕ್ಕಳು ಅಣ್ಣನ ಮುಂದೆ ನಿಂತು, ನಮಸ್ಕಾರ ಸರ್ ಎಂದು ಹೋಗುತ್ತಿದ್ದರು. ಅವನು ಒಬ್ಬೊಬ್ಬರಿಗೂ ತಲೆಯಾಡಿಸುತ್ತಿದ್ದ. ಅವನ ಬಲಗೈ ಖಾಲಿಯಿತ್ತು.

ಎಸೆದದ್ದರಿಂದ ಖಾಲಿಯಾಯಿತೋ, ಕೆಳಗೆ ಬಿಟ್ಟದ್ದರಿಂದಲೋ. ನಾನು ಹಿಂದಿರುಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಅಲ್ಲಿದ್ದವರಲ್ಲಿ ಇಬ್ಬರನ್ನು ಮುಂದೆ ಕೇಳಿದೆ. ಒಬ್ಬ ಹೌದೆಂದ, ಒಬ್ಬ ಇಲ್ಲವೆಂದ. ಅಣ್ಣನನ್ನು ಕೇಳಲಿಲ್ಲ.

ಹೊಸ ಮಾಸ್ತರ ಸಂಜೆಯ ಬಸ್ಸಿನ ತನಕ ಶಾಲೆಯ ಕೋಣೆಯಲ್ಲೇ ಇದ್ದ. ಹೆಡ್‌ಮಾಸ್ತರರು ಗಾಯಕ್ಕೆ ಅರಿಷಿಣ ತರಿಸಿ ಕೊಟ್ಟರು, ಹಚ್ಚಲಿಲ್ಲ. ಹಚ್ಚಿದವನು ನಾನು. ಮನೆಗೆ ಬಂದಾಗ ಪಡಸಾಲೆ ಸಾರಿಸಿತ್ತು. ಅಣ್ಣ ಕಂಬಕ್ಕೆ ಒರಗಿ ಕೂತಿದ್ದ. ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡಿದ್ದೆ. ಅವನೇ, ಅಂವಾ ನಾಳೆ ಬರ್ತಾನೇನ ಎಂದು ಕೇಳಿದ. ಬರ್ತಾನಂತ ಎಂದೆ. ಆರನೆಯ ಇಯತ್ತೆಗೆ ಭಿನ್ನರಾಶಿ ಕೂಡಿಸುವುದರ ತನಕ ಆಗಿದೆ, ಕಳೆಯುವುದರಿಂದ ಹಿಡಿಯಬೇಕು, ಹೇಳು ಎಂದ. ಅದು ಸೋತವನ ಮಾತೋ ಕುಟುಕೋ ನನಗೆ ತಿಳಿಯಲಿಲ್ಲ. ಅವನ ಮುಖ ಗೋಡೆಯ ಕಡೆಗಿತ್ತು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹಿಂದಿರುಗಲು ನಾನು ಬೇವಿನ ಗಿಡದ ಕೆಳಗೆ ನಿಂತಿದ್ದೆ. ಬೇರೆ ಯಾರೂ ಇರಲಿಲ್ಲ. ಮಾಸ್ತರ ಬಸ್ಸಿನಿಂದ ಇಳಿದ. ಬೇರೆ ಅಂಗಿ ಹಾಕಿಕೊಂಡಿದ್ದ, ಎಡಗೈಯನ್ನು ಮೈಗೆ ಒತ್ತಿಕೊಂಡಿದ್ದ. ಅಣ್ಣ ಹೇಳಿದ್ದನ್ನು ಹೇಳಿದೆ.

ಅವನು ಅಗಸಿಯ ಕಡೆ ಒಂದು ಸಲ ನೋಡಿ, “ಎಲ್ಲಿತನಕಾ ಆಗೇತಿ ಅನ್ನೂದು ಮಕ್ಕಳ ಪಾಟಿ ನೋಡಿ ತಿಳಕೊಂತೇನಿ,” ಎಂದ. ಆಮೇಲೆ ಚೀಲವನ್ನು ಬಲ ಹೆಗಲಿಗೆ ಹಾಕಿಕೊಂಡು ಊರೊಳಗೆ ನಡೆದ.